ಮೇಘಾಳ ಪಾಲು

ಮೇಘಾ ಬರುವುದಿಲ್ಲ ಎಂದು ನಿವೇದಿತಾ ಎದ್ದಾಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಯಾಕೆ ಬರುತ್ತಾಳೆ? ಭಾನುವಾರದ ದಿನ ಎಲೆಕ್ಟ್ರಾನಿಕ್ ಸಿಟಿಯ ಈ ತುದಿಯಿಂದ ಹೂಡಿಯ ಆ ತುದಿಗೆ ಯಾರದೋ ಮನೆಯ ಊಟಕ್ಕೆ ಹೋಗುವಷ್ಟು ಬಿಡುವು ಈ ಕ್ಯಾಂಪಸ್ಸಿನಲ್ಲಿ ಯಾರಿಗಿದೆ? ಇಲ್ಲಿಯ ಹುಡುಗ ಹುಡುಗಿಯರು ಒಟ್ಟಿಗೆ ಕಾಫಿ ಕುಡಿಯಬೇಕಾದರೂ ಮೊದಲು ಕ್ಯಾಲೆಂಡರಿನಲ್ಲಿ ಜಾಗ ಹುಡುಕಿ ಆಮೇಲೆ ಕುಡಿಯುತ್ತಾರೆ. ಕೊನೇ ಗಳಿಗೆಯಲ್ಲಿ ಒಂದು ಮೆಸೇಜು ಬರುತ್ತದೆ, ಸಾರಿ, ಅರ್ಜೆಂಟ್ ಕೆಲಸ ಬಂತು ಅಂತ. ಅದನ್ನು ಓದಿ ನಿಟ್ಟುಸಿರು ಬಿಟ್ಟು ಒಬ್ಬಳೇ ಮನೆಗೆ ಹೋದರಾಯಿತು. ಅವ್ವ ಒಂದಷ್ಟು ಬೇಜಾರು ಮಾಡಿಕೊಂಡು ಹೋಳಿಗೆಯನ್ನು ಡಬ್ಬಿಗೆ ತುಂಬಿ ಕೊಡುತ್ತಾಳೆ, ಎಲ್ಲ ಮೊದಲಿನಂತೆ ನಡೆದುಕೊಂಡು ಹೋಗುತ್ತದೆ. ಹೀಗೆ ಲೆಕ್ಕ ಹಾಕಿಕೊಂಡೇ ಅವಳು ಹಾಸ್ಟೆಲ್ಲಿನ ಮೆಟ್ಟಿಲಿಳಿದು ಬಂದದ್ದು. ಬಂದರೆ ಗೇಟಿನ ಹತ್ತಿರ ಮೇಘಾ ಆಗಲೇ ನಿಂತಿದ್ದಳು, ತಲೆಗೆ ಸ್ನಾನ ಮಾಡಿ, ಕೈಯಲ್ಲಿ ಒಂದು ಪುಟ್ಟ ಹೂಕುಂಡ ಹಿಡಿದುಕೊಂಡು. "ಆಂಟಿಗೆ ಗಿಡ ಇಷ್ಟ ಆಗುತ್ತಲ್ವಾ?" ಎಂದು ಕೇಳಿದಳು. "ತುಂಬಾ ಇಷ್ಟ," ಎಂದಳು ನಿವೇದಿತಾ.

ಮೇಘಾ ಅವಳ ಗೆಳತಿಯಲ್ಲ. ಇದು ಗೊತ್ತಿಲ್ಲದವರು ಲೋಕದಲ್ಲಿ ಇಬ್ಬರೇ, ಹೂಡಿಯ ಅಪಾರ್ಟ್‌ಮೆಂಟಿನಲ್ಲಿರುವ ಅವಳ ಅಪ್ಪ ಇರಣ್ಣ ಮತ್ತು ಅವ್ವ ಗಂಗಮ್ಮ. ಮೊದಲ ವರ್ಷದ ಆರಂಭದಲ್ಲಿ ಇಬ್ಬರ ಕೋಣೆಗಳು ಅಕ್ಕಪಕ್ಕ ಇದ್ದವು. ಮೂರು ವಾರ ಒಟ್ಟಿಗೆ ಮೆಸ್ಸಿಗೆ ಹೋದರು, ಒಟ್ಟಿಗೆ ಬಂದರು. ನಿವೇದಿತಾಳ ಮನೆಯ ಖಡಕ್ ಜೋಳದ ರೊಟ್ಟಿಯನ್ನು ಮೇಘಾ ಹಪ್ಪಳವೆಂದು ತಿಳಿದು ಮುರಿದು ತಿಂದು, ಶೇಂಗಾ ಚಟ್ನಿಪುಡಿಗೆ ಮರುಳಾಗಿ, ಡಬ್ಬಿಯ ತಳದವರೆಗೆ ಬೆರಳಾಡಿಸಿದಳು. ಆಮೇಲೆ ಡಿಬೇಟ್ ಕ್ಲಬ್ಬು ಬಂತು, ಫೈನಾನ್ಸ್ ಕ್ಲಬ್ಬು ಬಂತು, ಮೇಘಾ ಬೇರೆ ಬ್ಲಾಕಿಗೆ ಕೋಣೆ ಬದಲಾಯಿಸಿಕೊಂಡಳು. ಜಗಳವಾಗಲಿಲ್ಲ. ಜಗಳವಾಗಿದ್ದರೆ ಚೆನ್ನಾಗಿತ್ತು, ನೆನೆಸಿಕೊಂಡು ಸಿಟ್ಟಾಗಲಾದರೂ ಒಂದು ಕಾರಣ ಇರುತ್ತಿತ್ತು. "ಊಟಕ್ಕೆ ಹೋಗೋಣ್ವಾ?" ಎಂದು ನಿವೇದಿತಾ ಕಳಿಸಿದ ಮೆಸೇಜಿನ ಪಕ್ಕ ನೀಲಿ ಗುರುತು ಮೂಡಿ ಹಾಗೇ ಉಳಿಯಿತು. ಆ ವಾರವೇ ಗಂಗಮ್ಮ ಫೋನಿನಲ್ಲಿ, "ನಿಮ್ಮ ಮೇಘಾಗ ರೊಟ್ಟಿ ಸೇರಿದ್ವೇನ ಯವ್ವಾ?" ಎಂದು ಕೇಳಿದ್ದು. "ಹ್ಞೂಂ, ಭಾಳ ಸೇರಿದ್ವು," ಎಂದುಬಿಟ್ಟಳು ನಿವೇದಿತಾ. ಮುಂದಿನ ಸಲ ಮನೆಗೆ ಹೋದಾಗ ಅವ್ವ ಎರಡು ಡಬ್ಬಿ ಕಟ್ಟಿ ಇಟ್ಟಿದ್ದಳು.

ಎರಡನೆಯ ಡಬ್ಬಿಯ ಚಟ್ನಿಗೆ ಖಾರ ಕಡಿಮೆ, ಯಾಕೆಂದರೆ ಮೇಘಾಳಿಗೆ ಖಾರ ಆಗುವುದಿಲ್ಲ. ಆಗುವುದಿಲ್ಲ ಎಂದು ಹೇಳಿದವಳು ನಿವೇದಿತಾಳೇ. ಗೆಳತಿ ಅಂದಮೇಲೆ ಅವಳಿಗೊಂದು ನಾಲಿಗೆ ಬೇಡವೇ? ಹಾಗಾಗಿ ಅರ್ಧ ವಾರ ಖಾರದ ಚಟ್ನಿಯನ್ನೂ ಇನ್ನರ್ಧ ವಾರ ಸಪ್ಪೆ ಚಟ್ನಿಯನ್ನೂ ಅವಳು ಕೋಣೆಯ ಬಾಗಿಲು ಹಾಕಿಕೊಂಡು ತಿಂದಳು. ಯಾರಿಗಾದರೂ ಕೊಡಬಹುದಿತ್ತು. ಆದರೆ ಕೊಡಬೇಕೆಂದರೆ ಒಂದು ಬಾಗಿಲು ತಟ್ಟಬೇಕು, ತಟ್ಟಿದರೆ ಒಳಗಿನವರು ಎದ್ದು ಬಂದು ನಗುಮುಖದಿಂದ ಏನು ಎಂದು ಕೇಳುತ್ತಾರೆ, ಆ ನಗುಮುಖದ ಮುಂದೆ ರೊಟ್ಟಿ ಡಬ್ಬಿ ಹಿಡಿದು ನಿಲ್ಲುವ ಧೈರ್ಯ ಅವಳಿಗಿರಲಿಲ್ಲ. ಮೇಘಾಳ ಪಾಲನ್ನೂ ತಿಂದು ಅವಳು ಒಂದು ಸುತ್ತು ದಪ್ಪಗಾದಳು. ಇರಣ್ಣ ಅದನ್ನು ನೋಡಿ, ಹಾಸ್ಟೆಲ್ ಊಟ ಮೈಗೆ ಹತ್ತೈತಿ ಎಂದು ಖುಷಿಪಟ್ಟ. ಸುಳ್ಳಿಗೆ ಒಂದೊಂದಾಗಿ ಕೈಕಾಲು ಬಂದವು. ಮೇಘಾ ಬದನೆಕಾಯಿ ಮುಟ್ಟುವುದಿಲ್ಲ. ಮೇಘಾಳಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಮೇಘಾಳಿಗೆ ಒಮ್ಮೆ ಜೋರು ಜ್ವರ ಬಂದು, ನಿವೇದಿತಾ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಬೆಳಗಿನವರೆಗೆ ಕೂತಿದ್ದಳು. ಜ್ವರ ಬಂದಿದ್ದು ನಿವೇದಿತಾಳಿಗೆ. ಒದ್ದೆ ಬಟ್ಟೆಯನ್ನು ತನ್ನ ಹಣೆಗೆ ತಾನೇ ಹಾಕಿಕೊಂಡಿದ್ದಳು. ಇನ್ನೊಮ್ಮೆ ಎಲ್ಲವೂ ತೀರಾ ನುಣ್ಣಗಿದೆ ಎನಿಸಿ ಇಬ್ಬರ ನಡುವೆ ಒಂದು ಜಗಳ ತಂದಿಟ್ಟಳು. ಗಂಗಮ್ಮನಿಗೆ ಅದೇ ಚಿಂತೆಯಾಯಿತು. ದಿನಾ ಫೋನು ಮಾಡಿ, "ನೀನ ಮೊದಲ ಮಾತಾಡ್ಸು, ಸಣ್ಣಾಕಿ ಆಗೂದಿಲ್ಲ ನೀ," ಎಂದು ಬುದ್ಧಿ ಹೇಳಿ ಹೇಳಿ ರಾಜಿ ಮಾಡಿಸಿದಳು. ರಾಜಿಯಾಯಿತು ಎಂದು ತಿಳಿಸಿದ ಸಂಜೆ ನಿವೇದಿತಾ ಹಾಸ್ಟೆಲ್ ಮೆಟ್ಟಿಲ ಕೆಳಗೆ ನಿಂತು ನಿಜವಾಗಿಯೂ ಅತ್ತಳು. "ಹುಚ್ಚಿ, ಈಗ ಕೂಡಿದ್ರೆಲ್ಲ, ಮತ್ಯಾಕ ಅಳ್ತಿ?" ಎಂದು ಆ ಕಡೆಯಿಂದ ಗಂಗಮ್ಮ ನಕ್ಕಳು.

ಈ ಗುರುವಾರ ಗಂಗಮ್ಮ ಹೇಳಿದ್ದು ಇಷ್ಟೇ: ಮೇಘಾಗ ನಾನ ಫೋನ್ ಮಾಡಿದ್ದೆ, ಐತಾರ ಊಟಕ್ಕ ಬರ್ತೀನಿ ಅಂದಾಳ, ಕೂಡೇ ಬರ್ರಿ. ಮೇಘಾಳ ನಂಬರು ಅವ್ವನಿಗೆ ಸಿಕ್ಕಿದ್ದು ಹೇಗೆ ಎಂದು ನಿವೇದಿತಾ ತಲೆ ಕೆಡಿಸಿಕೊಂಡಳು. ಆಮೇಲೆ ಹೊಳೆಯಿತು, ಮೊದಲ ವಾರದಲ್ಲಿ ತನ್ನ ಫೋನು ಸತ್ತುಹೋಗಿ ಒಮ್ಮೆ ಅವಳ ಫೋನಿನಿಂದ ಮನೆಗೆ ಮಾತಾಡಿದ್ದಳು. ಗಂಗಮ್ಮ ವಿಮಾ ಕಚೇರಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವಳು, ಒಮ್ಮೆ ಕೈಗೆ ಬಂದ ನಂಬರನ್ನು ಬಿಡುವವಳಲ್ಲ. ಇನ್ನು ಆಗುವುದೇನೆಂದು ನಿವೇದಿತಾಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಒಂದೇ ಒಂದು ಊಟ ಸಾಕು. ಅವ್ವ ಜ್ವರದ ಮಾತೆತ್ತುತ್ತಾಳೆ, ಮೇಘಾ ಯಾವ ಜ್ವರ ಎನ್ನುತ್ತಾಳೆ, ಅಷ್ಟರಲ್ಲಿ ಇಬ್ಬರಿಗೂ ಎಲ್ಲ ತಿಳಿಯುತ್ತದೆ. ಮಗಳಿಗೆ ಆ ದೊಡ್ಡ ಕಾಲೇಜಿನಲ್ಲಿ ಒಂದು ನರಪಿಳ್ಳೆಯೂ ಜೊತೆಗಿಲ್ಲ ಎಂದು ಅವ್ವನಿಗೆ, ತನ್ನನ್ನು ಇಟ್ಟುಕೊಂಡು ಇವಳು ಒಂದು ಸಂಸಾರವನ್ನೇ ಕಟ್ಟಿಕೊಂಡಿದ್ದಾಳೆ ಎಂದು ಮೇಘಾಳಿಗೆ. ಇದರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಅವಳು ಮೂರು ದಿನ ಯೋಚಿಸಿದ್ದಳು. ಅವ್ವನಿಗೆ ತಿಳಿಯುವುದೇ ಕೆಟ್ಟದ್ದು.

ಕ್ಯಾಬು ಮೇಲ್ಸೇತುವೆ ಹತ್ತಿತು. ಕೆಳಗೆ ಹೊಸೂರು ರಸ್ತೆಯ ಲಾರಿಗಳು, ಅಕ್ಕಪಕ್ಕ ಕಂಪನಿಗಳ ಗಾಜಿನ ಗೋಡೆಗಳು, ಭಾನುವಾರವಾದ್ದರಿಂದ ಒಳಗೆ ಯಾರೂ ಇರಲಿಲ್ಲ. ಮೇಘಾ ಹೂಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ್ದಳು. ಸಿಲ್ಕ್ ಬೋರ್ಡ್ ಬರುವುದರೊಳಗೆ ಹೇಳಿಬಿಡಬೇಕು, ನನ್ನ ಜೊತೆ ಸ್ವಲ್ಪ ನಾಟಕ ಮಾಡು ಅಂತ ಕೇಳಿಕೊಂಡರಾಯಿತು ಎಂದು ನಿವೇದಿತಾ ತೀರ್ಮಾನಿಸಿದಳು. ಸಿಲ್ಕ್ ಬೋರ್ಡ್ ಬಂತು, ಹೋಯಿತು. ಬಾಯಿ ಬರಲಿಲ್ಲ. ಅದೇನು ಹೊಸದಲ್ಲ. ತರಗತಿಯಲ್ಲಿ ಮೇಷ್ಟ್ರು, ನಿಮ್ಮ ಗುಂಪು ನೀವೇ ಮಾಡಿಕೊಳ್ಳಿ ಎಂದಾಗಲೂ ಹೀಗೆಯೇ ಆಗುತ್ತದೆ. ಕುರ್ಚಿಗಳು ಜರುಗುವ ಸದ್ದು ಏಳುತ್ತಿದ್ದಂತೆ ಅವಳು ಬಗ್ಗಿ ಬ್ಯಾಗಿನಲ್ಲಿ ಏನನ್ನೋ ಹುಡುಕತೊಡಗುತ್ತಾಳೆ, ಸದ್ದು ನಿಲ್ಲುವವರೆಗೆ ಹುಡುಕುತ್ತಾಳೆ, ತಲೆ ಎತ್ತಿದಾಗ ಎಲ್ಲ ಗುಂಪುಗಳೂ ಆಗಿ ಮುಗಿದಿರುತ್ತವೆ. ಗುಂಪು ಸಿಗದವರು ಯಾರು ಎಂದು ಮೇಷ್ಟ್ರು ಕೇಳುತ್ತಾರೆ. ಕೈ ಎತ್ತಬೇಕು. ಯಾವುದೋ ಗುಂಪಿನವರು, ಬಾ ಬಾ, ಪರವಾಗಿಲ್ಲ ಎಂದು ಕುರ್ಚಿ ಎಳೆದುಕೊಡುತ್ತಾರೆ. ಎಲ್ಲರೂ ಒಳ್ಳೆಯವರೇ. ಹಾಯ್ ಎನ್ನುತ್ತಾರೆ, ಲಿಫ್ಟಿನ ಬಾಗಿಲು ಹಿಡಿದು ನಿಲ್ಲುತ್ತಾರೆ, ಹುಟ್ಟುಹಬ್ಬಕ್ಕೆ ಗ್ರೂಪಿನಲ್ಲಿ ಕೇಕಿನ ಚಿತ್ರ ಹಾಕುತ್ತಾರೆ. ಊಟಕ್ಕೆ ಮಾತ್ರ ಯಾರೂ ಕರೆಯುವುದಿಲ್ಲ. ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ, ಟೇಬಲ್ಲು ಒರೆಸಲು ಶುರುವಾದ ಮೇಲೆ ಹೋದರೆ ಒಂಟಿಯಾಗಿ ಕೂತದ್ದು ಎದ್ದು ಕಾಣುವುದಿಲ್ಲ ಎನ್ನುವುದನ್ನು ಅವಳು ತಾನಾಗಿಯೇ ಕಲಿತಿದ್ದಳು. ಮನೆಯಲ್ಲಿ ಇದನ್ನು ಹೇಳುವುದು ಹೇಗೆ? ಇರಣ್ಣ ಮಗಳ ಕಾಲೇಜಿನ ಹೆಸರನ್ನು ಲಿಫ್ಟಿನಲ್ಲಿ ಸಿಕ್ಕವರಿಗೆ, ಹಾಲಿನವನಿಗೆ, ತಮ್ಮೂರು ರೋಣದ ಅಷ್ಟೂ ಬೀಗರಿಗೆ ಹೇಳಿಕೊಂಡು ಬಂದವನು. ಅಂಥ ಕಾಲೇಜಿಗೆ ಸೇರಿದ ಮೇಲೆ ದುಃಖಪಡುವುದು ಹೊಟ್ಟೆ ತುಂಬಿದವರ ಸೊಕ್ಕಿನಂತೆ ಕಾಣುತ್ತದೆ.

ಮಾರತ್ತಹಳ್ಳಿ ದಾಟಿದ ಮೇಲೆ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು, "ಮೇಘಾ, ಮನೇಲಿ ನಾನು ನಿನ್ನ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬಿಟ್ಟಿದೀನಿ."

ಮೇಘಾ ಕಣ್ಣು ಬಿಟ್ಟಳು. "ಜಾಸ್ತಿ ಹೇಳ್ಬಿಟ್ಟೆ ಅಂತ ನಿಂಗನ್ನಿಸ್ತಿದೆ."

"ಅಂದ್ರೆ, ನಾವು ಈಗ್ಲೂ ಕ್ಲೋಸ್ ಅಂತ ಅವ್ರು ಅಂದ್ಕೊಂಡಿದಾರೆ."

"ಹ್ಞೂಂ. ಕ್ಲೋಸ್ ಅಂದ್ಕೊಂಡಿದಾರೆ. ಅದ್ರಿಂದ ನಿಂಗೆ ಕಷ್ಟ ಆಗ್ತಿದೆ."

ಹೇಳಿದ್ದನ್ನೇ ತಿರುಗಿಸಿ ಹೇಳುವ ಈ ರೀತಿ ನಿವೇದಿತಾಳಿಗೆ ಗೊತ್ತಿತ್ತು. ಕಳೆದ ವರ್ಷ ಬಿ ಬ್ಲಾಕಿನಲ್ಲಿ ಒಬ್ಬ ಹುಡುಗ ಸತ್ತ ಮೇಲೆ ಕ್ಯಾಂಪಸ್ಸಿನ ಗೋಡೆಗಳ ತುಂಬ, ನಿಮ್ಮ ಮಾತಿಗೆ ನಮ್ಮ ಕಿವಿ ಎನ್ನುವ ಪೋಸ್ಟರುಗಳು ಬಂದವು. ಕೆಲವು ವಿದ್ಯಾರ್ಥಿಗಳಿಗೆ ಎರಡು ದಿನದ ತರಬೇತಿ ಕೊಟ್ಟು, ತಿಳಿ ನೇರಳೆ ಬಣ್ಣದ ಟೀ ಶರ್ಟು ಕೊಟ್ಟು, ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಸರದಿಯ ಮೇಲೆ ಕೂರಿಸಿದರು. ಬುದ್ಧಿ ಹೇಳಬಾರದು, ಎದುರಿನವರ ಮಾತನ್ನೇ ಎತ್ತಿಕೊಂಡು ಅವರಿಗೆ ಒಪ್ಪಿಸಬೇಕು, ಅದು ಅವರ ಪಾಠ. ಒಂದು ಮಧ್ಯಾಹ್ನ ನಿವೇದಿತಾ ಆ ಕೋಣೆಗೆ ಹೋಗಿದ್ದಳು. ಸಾಯಬೇಕು ಎಂದೇನೂ ಅವಳಿಗೆ ಎನಿಸಿರಲಿಲ್ಲ. ಯಾರಾದರೂ ಊಟಕ್ಕೆ ಕರೆಯಬೇಕು ಎನಿಸಿತ್ತು, ಅಷ್ಟೆ, ಅದನ್ನು ಯಾರ ಮುಂದಾದರೂ ಒಮ್ಮೆ ಬಾಯಿಬಿಟ್ಟು ಹೇಳಬೇಕಾಗಿತ್ತು. ಬಾಗಿಲು ತೆಗೆದರೆ ಒಳಗೆ ನೇರಳೆ ಟೀ ಶರ್ಟಿನಲ್ಲಿ ಕೂತವಳು ಮೇಘಾ. "ಪ್ರಿಂಟರ್ ಎಲ್ಲಿದೆ?" ಎಂದು ಕೇಳಿ ವಾಪಸು ಬಂದಿದ್ದಳು. ಈಗ ಕ್ಯಾಬಿನಲ್ಲಿ ಕೂತ ಮೇಘಾ ಟೀ ಶರ್ಟು ಹಾಕಿರಲಿಲ್ಲ, ಆದರೆ ದನಿ ಅದೇ ದನಿಯಾಗಿತ್ತು. ನಿವೇದಿತಾಳಿಗೆ ನಾಚಿಕೆಯಾಯಿತು. ಯಾರೋ ತನ್ನ ಬಗ್ಗೆ ಹೇಳಿದ್ದಾರೆ, ಅದಕ್ಕೇ ಇವಳು ಬಂದಿದ್ದಾಳೆ. ಯಾರು ಹೇಳಿರಬಹುದು ಎಂದು ಹುಡುಕುತ್ತಾ ಹೋದಳು. ಹೇಳುವಷ್ಟು ತನ್ನನ್ನು ಗಮನಿಸಿದವರು ಯಾರೂ ನೆನಪಿಗೆ ಬರಲಿಲ್ಲ. "ಇಲ್ಲ, ಏನೂ ಕಷ್ಟ ಇಲ್ಲ," ಎಂದಳು. ಹೂಡಿಯ ರೈಲ್ವೆ ಸೇತುವೆಯ ಕೆಳಗೆ ಕ್ಯಾಬು ಬಹಳ ಹೊತ್ತು ನಿಂತಿತ್ತು.

ಬಾಗಿಲಲ್ಲೇ ಇರಣ್ಣ ನಿಂತಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ. "ಬರ್ರಿ ಬರ್ರಿ, ಎಷ್ಟ ದಿನದಿಂದ ಕಾಯಾಕ್ಹತ್ತೀವಿ," ಎಂದು ಮೇಘಾಳನ್ನು ಬಹುವಚನದಲ್ಲೇ ಒಳಗೆ ಕರೆದ. ಗಂಗಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಹೂಕುಂಡವನ್ನು ಎರಡೂ ಕೈಯಿಂದ ತೆಗೆದುಕೊಂಡಳು. ಮೇಘಾಳ ಮುಖವನ್ನು ಒಂದು ಕ್ಷಣ ಜಾಸ್ತಿಯೇ ನೋಡಿದಳೇನೋ ಎಂದು ನಿವೇದಿತಾಳಿಗೆ ಎನಿಸಿತು. ಆಮೇಲೆ ಎಲ್ಲರಿಗೂ ತಟ್ಟೆ ಹಾಕಿದ್ದಾಯಿತು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಕೊನೆಗೆ ತುಪ್ಪ ಹಾಕಿದ ಹೋಳಿಗೆ. ಮೇಘಾ ನಿಜವಾಗಿಯೂ ಹಸಿದಿದ್ದಳು. ತಿನ್ನುವ ರಭಸಕ್ಕೆ ಇರಣ್ಣ ಸಂತೋಷಗೊಂಡು, ಪ್ಲೇಸ್‌ಮೆಂಟ್ ಹೆಂಗ, ಯಾವ ಕಂಪನಿ ಬರ್ತಾವ, ಪ್ಯಾಕೇಜ್ ಎಷ್ಟು ಎಂದು ಒಂದರ ಮೇಲೊಂದು ಕೇಳಿದ. "ಅದೇ ಟೆನ್ಷನ್ ಅಂಕಲ್, ಈ ವಾರ ಪೂರ್ತಿ ನಿದ್ದೆನೇ ಇಲ್ಲ," ಎಂದ ಮೇಘಾ, ತಟ್ಟೆಯ ಸುತ್ತ ಒಮ್ಮೆ ನೋಡಿ ಸಲಿಗೆಯಿಂದ ಕೇಳಿದಳು, "ಆಂಟಿ, ಬದ್ನೇಕಾಯಿ ಎಣ್ಣೆಗಾಯಿ ಮಾಡಿಲ್ವಾ? ಫಸ್ಟ್ ಇಯರಲ್ಲಿ ನೀವು ಕಳ್ಸಿದ್ದು ಸಕ್ಕತ್ತಾಗಿತ್ತು. ಇನ್ನೂ ಮರ್ತಿಲ್ಲ."

ಮೇಘಾ ಬದನೆಕಾಯಿ ಮುಟ್ಟುವುದಿಲ್ಲ ಎಂದು ಈ ಮನೆಯಲ್ಲಿ ಎಷ್ಟು ಸಲ ಮಾತಾಗಿದೆ, ಅದೇ ಕಾರಣಕ್ಕೆ ಎರಡನೇ ಡಬ್ಬಿಗೆ ಬೇರೆ ಪಲ್ಯ ಮಾಡಿ ಹಾಕಿದ್ದೆಷ್ಟು ಸಲ. ಮುಗಿಯಿತು ಎಂದುಕೊಂಡಳು ನಿವೇದಿತಾ. ಇರಣ್ಣ ಏನೋ ಹೇಳಲು ಬಾಯಿ ತೆರೆದ. ಗಂಗಮ್ಮ ಅವನ ತಟ್ಟೆಗೆ ಒಂದು ರೊಟ್ಟಿ ಹಾಕಿ, "ಇವತ್ತ ಬದನಿಕಾಯಿ ಚಲೋ ಸಿಗಲಿಲ್ಲ ಯವ್ವಾ," ಎಂದಳು, ಯಾರ ಮುಖವನ್ನೂ ನೋಡದೆ. ಹಾಗೇ ಉಸಿರು ತೆಗೆದುಕೊಳ್ಳದೆ ಮುಂದುವರಿಸಿದಳು, "ನಿನಗ ಹೋದ ವರ್ಷ ಜ್ವರ ಬಂದಿತ್ತೆಲ್ಲ, ನಮ್ಮಕಿ ಹಣಿಗೆ ಅರಬಿ ಹಾಕ್ಕೊಂತ ಬೆಳತನಕ ಕುಂತಿದ್ಲಂತ. ನನಗ ಮರುದಿನ ಹೇಳಿದ್ಲು. ಹೌದಿಲ್ಲ?" ಮೇಘಾ ಅವ್ವನನ್ನು ನೋಡಿದಳು, ನಿವೇದಿತಾಳನ್ನು ನೋಡಿದಳು, ಲೋಟ ಎತ್ತಿ ಒಂದು ಗುಟುಕು ನೀರು ಕುಡಿದಳು. "ಹ್ಞೂಂ ಆಂಟಿ. ಇಡೀ ರಾತ್ರಿ ಕೂತಿದ್ಲು," ಎಂದಳು. ತಾನು ಪಾರಾದೆ ಎಂದು ನಿವೇದಿತಾಳಿಗೆ ತಿಳಿಯಲು ಒಂದಿಷ್ಟು ಹೊತ್ತು ಹಿಡಿಯಿತು. ತಿಳಿದಾಗ ಸಮಾಧಾನವಾಗಲಿಲ್ಲ. ಮೇಘಾಳಿಗೆ ಈಗ ಎಲ್ಲ ಗೊತ್ತಾಗಿತ್ತು, ಮೇಘಾ ಕನಿಕರಪಟ್ಟು ಸುಳ್ಳು ಹೇಳಿದ್ದಳು.

ಊಟವಾದ ಮೇಲೆ ಮೇಘಾ, "ಆಂಟಿ, ಐದೇ ನಿಮಿಷ ಒರಗ್ಲಾ?" ಎಂದು ಕೇಳಿ ನಿವೇದಿತಾಳ ಮಂಚದ ಮೇಲೆ ಮಲಗಿದವಳು ಗಾಢ ನಿದ್ದೆಗೆ ಹೋಗಿಬಿಟ್ಟಳು. ಬಾಯಿ ಸ್ವಲ್ಪ ತೆರೆದಿತ್ತು. ಕ್ಯಾಂಪಸ್ಸಿನಲ್ಲಿ ಮೈಕು ಹಿಡಿದು ನಿಲ್ಲುವ ಮೇಘಾ ಇವಳೇ ಎಂದು ಹೇಳುವಂತಿರಲಿಲ್ಲ. ಗಂಗಮ್ಮ ಫ್ಯಾನು ಸಣ್ಣಗೆ ಮಾಡಿ, ಮಗಳ ಹೊದಿಕೆಯನ್ನೇ ಅವಳಿಗೆ ಹೊದಿಸಿ, ಮಂಚದ ಪಕ್ಕ ಸುಮ್ಮನೆ ನಿಂತಳು. ಬಾಗಿಲಲ್ಲಿ ನಿಂತ ನಿವೇದಿತಾಳಿಗೆ ಹೊಟ್ಟೆಕಿಚ್ಚಾಯಿತು. ಅವ್ವ ಹೀಗೆ ತನ್ನ ನಿದ್ದೆ ನೋಡುತ್ತಾ ನಿಂತು ಎಷ್ಟು ಕಾಲವಾಯಿತು? ತನ್ನದೇ ಮಂಚ, ತನ್ನದೇ ಹೊದಿಕೆ, ತನ್ನದೇ ಸುಳ್ಳು, ಅದರಲ್ಲಿ ಬೇರೊಬ್ಬಳು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾಳೆ. ಆಗ ಅವ್ವನನ್ನು ಅಡುಗೆಮನೆಗೆ ಕರೆದು ಹೇಳಿಬಿಡಬಹುದಿತ್ತು. ಅವ್ವ ಕೂಡ ಏನೋ ಕೇಳುವವಳಂತೆ ಅವಳ ಕಡೆ ತಿರುಗಿದ್ದಳು. ಕೇಳಿದ್ದು ಮಾತ್ರ, "ನೀನೂ ತುಸು ಮಲಕೋತೀ ಏನ?" ಎಂದು. ಇವಳು ಬೇಡ ಎಂದಳು. ಹಾಲ್‌ನಲ್ಲಿ ಇರಣ್ಣ ಟಿವಿಯ ಸದ್ದು ಕಡಿಮೆ ಮಾಡಿಕೊಂಡು ಏನೋ ನೋಡುತ್ತಿದ್ದ.

ಮೇಘಾ ಎದ್ದು ಮುಖ ತೊಳೆದುಕೊಂಡು ಹೊರಡಲು ನಿಂತಾಗ ಗಂಗಮ್ಮ, "ಮೊದಲ ಸಲ ಬಂದೀದಿ, ಉಡಿ ತುಂಬಿ ಕಳಿಸ್ತೀನಿ, ತಡಿ," ಎಂದಳು. "ಲಗ್ನ ಆಗದ ಹುಡುಗೀಗೆ ಉಡಿ ತುಂಬ್ತಾರೇನ?" ಎಂದು ಇರಣ್ಣ ಹಾಲ್‌ನಿಂದ ಕೂಗಿದ. "ಮಗಳನ್ನ ಊರಿಗೆ ಕಳಿಸೂ ಮುಂದ ತುಂಬಂಗಿಲ್ಲೇನ್ರಿ?" ಎಂದು ಅವನ ಬಾಯಿ ಮುಚ್ಚಿಸಿ, ಒಳಕೋಣೆಯ ದೇವರ ಜಗಲಿಯ ಮುಂದೆ ಮಣೆ ಹಾಕಿ ಮೇಘಾಳನ್ನು ಕೂರಿಸಿದಳು. ಕುರ್ತಾದ ಮೇಲೆ ಮಗಳ ದುಪಟ್ಟಾ ಹೊದಿಸಿ ಅದರ ತುದಿಯನ್ನು ಮಡಿಲಲ್ಲಿ ಹರಡಿ, ಎರಡು ಕೈಯಿಂದ ಹಿಡಿದುಕೊಳ್ಳಲು ಹೇಳಿಕೊಟ್ಟಳು. ಗುಳೇದಗುಡ್ಡದ ರವಿಕೆ ಖಣ, ಎಲೆ ಅಡಿಕೆ, ಉತ್ತತ್ತಿ, ಅರಿಷಿಣದ ಬೇರು, ಬಾಳೆಹಣ್ಣು, ಹಿತ್ತಾಳೆ ಬೋಗುಣಿಯ ತುಂಬ ಅಕ್ಕಿ. "ಯವ್ವಾ, ಕೊಬ್ಬರಿ ಬಟ್ಟಲಾ ಮರತೆ. ಹಿಂದ ಬಾಲ್ಕನಿಯಾಗ ಡಬ್ಬಿಯಾಗ ಅದಾವ, ಹುಡುಕಿ ತೊಗೊಂಬಾ," ಎಂದು ನಿವೇದಿತಾಳನ್ನು ಕಳಿಸಿದಳು. ಹುಡುಕುವಂಥದ್ದೇನೂ ಇರಲಿಲ್ಲ, ಡಬ್ಬಿ ಕಣ್ಣೆದುರಿಗೇ ಇತ್ತು. ಪಕ್ಕದಲ್ಲಿ ತರಕಾರಿಯ ಬುಟ್ಟಿ. ಬುಟ್ಟಿಯ ತುಂಬ ಎಳೆಯ ಬದನೆಕಾಯಿ, ತೊಟ್ಟು ಇನ್ನೂ ಹಸಿರಾಗಿತ್ತು. ನಿವೇದಿತಾ ಅದನ್ನು ನೋಡಿದಳು, ಏನೂ ಯೋಚಿಸದೆ ಒಂದು ಕೊಬ್ಬರಿ ಬಟ್ಟಲು ತೆಗೆದುಕೊಂಡು ವಾಪಸು ಬಂದಳು. ಒಳಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು.

"ಮನ್ನೆ ನಾ ಫೋನ್ ಮಾಡಿದಾಗ ನೀ, ಯಾವ ನಿವೇದಿತಾ ಅಂತ ಕೇಳಿದಿ," ಎನ್ನುತ್ತಿದ್ದಳು ಗಂಗಮ್ಮ, ದನಿ ತಗ್ಗಿಸಿ. "ನಿಂದೇನ ತಪ್ಪಲ್ಲ ಬಿಡು."

"ಸಾರಿ ಆಂಟಿ. ನಮ್ ಬ್ಯಾಚಲ್ಲಿ ಮೂರ್ ಜನ ನಿವೇದಿತಾ ಇದಾರೆ, ಅದಕ್ಕೆ..."

"ಇರ್ಲಿ. ಜ್ವರದ ಮಾತಿಗೆ ಹ್ಞೂಂ ಅಂದೆಲ್ಲ, ದೊಡ್ಡ ಉಪಕಾರ ಆತು. ನನಗ ಗೊತ್ತಾಗೈತಿ ಅನ್ನೂದು ಆಕಿಗೆ ತಿಳೀಬಾರದು, ತಿಳಿದ್ರ ನನಗ ಮಾರಿ ತೋರಸಂಗಿಲ್ಲ ಆಕಿ. ನೀ ಒಂದ ಮಾಡು ಯವ್ವಾ. ದಿನಾ ಒಂದ ಹೊತ್ತು ಆಕಿ ಕೂಡ ಕುಂತು ಉಣ್ಣು. ಗೆಳತಿ ಆಗು ಅಂತ ನಾ ಅನ್ನಂಗಿಲ್ಲ. ಬರೇ ಕುಂತು ಉಣ್ಣು. ಪೇಪರ್‌ನ್ಯಾಗ ನಿಮ್ಮಂಥ ಹುಡುಗೂರ ಸುದ್ದಿ ಓದಿದಾಗೊಮ್ಮೆ ನನಗ ಕೈಕಾಲಾಗಿನ ಶಕ್ತಿ ಹೋಗ್ತೈತಿ."

ಬಾಗಿಲ ಹೊರಗೆ ನಿವೇದಿತಾ ಕೊಬ್ಬರಿ ಹಿಡಿದು ನಿಂತಿದ್ದಳು. ಮೊದಲು ಬಂದದ್ದು ಸಿಟ್ಟು. ಯಾವ ನಿವೇದಿತಾ ಎಂದು ಕೇಳಿದವಳ ಮುಂದೆ ಅವ್ವ ಬೇಡುತ್ತಿದ್ದಾಳೆ, ಅದೂ ಅಕ್ಕಿ ಕೊಟ್ಟು, ಖಣ ಕೊಟ್ಟು ಬೇಡುತ್ತಿದ್ದಾಳೆ. ಸಿಟ್ಟಿನ ಹಿಂದೆಯೇ ಉಳಿದದ್ದೆಲ್ಲ ಒಂದೊಂದಾಗಿ ತಿಳಿಯತೊಡಗಿತು. ಗುರುವಾರದಿಂದ ಅವ್ವನಿಗೆ ಗೊತ್ತು. ಗೊತ್ತಿದ್ದೂ ಹೂರಣ ರುಬ್ಬಿದ್ದಾಳೆ, ಬದನೆಕಾಯಿ ತಂದು ಮಾಡದೆ ಇಟ್ಟಿದ್ದಾಳೆ, ಮಗಳ ಸುಳ್ಳಿನಲ್ಲಿ ಮೇಘಾ ಬದನೆಕಾಯಿ ತಿನ್ನುವುದಿಲ್ಲ ಎಂದು. ಜ್ವರದ ಕತೆಯನ್ನು ಊಟದ ನಡುವೆ ಎತ್ತಿದ್ದು ಪರೀಕ್ಷೆ ಮಾಡಲಿಕ್ಕಲ್ಲ. ಮೇಘಾ ಏನು ಹೇಳಬೇಕು ಎನ್ನುವುದನ್ನು ಅವಳಿಗೆ ಹೇಳಿಕೊಟ್ಟದ್ದು. ಈಗ ಎರಡು ಹೆಜ್ಜೆ ಹಿಂದೆ ಹೋಗಿ, ಕಾಲಿನ ಸದ್ದು ಮಾಡಿಕೊಂಡು, ನಗುತ್ತಾ ಒಳಗೆ ಹೋದರೆ ಆಯಿತು. ನಾಳೆ ಮಧ್ಯಾಹ್ನ ಮೇಘಾ ತಟ್ಟೆ ಹಿಡಿದು ಬಂದು ಎದುರಿಗೆ ಕೂರುತ್ತಾಳೆ, ಹೇಳಿದ್ದನ್ನೇ ತಿರುಗಿಸಿ ಹೇಳುತ್ತಾಳೆ, ವಾಚು ನೋಡಿಕೊಳ್ಳುತ್ತಾಳೆ. ಸಂಜೆ ಅವ್ವ ಫೋನು ಮಾಡಿ ಮೇಘಾ ಹೆಂಗದಾಳ ಎನ್ನುತ್ತಾಳೆ, ನಾನು ಆರಾಮದಾಳ ಎನ್ನುತ್ತೇನೆ, ಅವ್ವ ನಂಬಿದಂತೆ ಮಾಡುತ್ತಾಳೆ, ನಾನು ಅವ್ವ ನಂಬಿದ್ದಾಳೆ ಎಂದುಕೊಂಡಂತೆ ಮಾಡುತ್ತೇನೆ. ಹಾಗೆ ಎಷ್ಟು ವರ್ಷ ಬೇಕಾದರೂ ಮಾಡಬಹುದು. ಹಾಗೆ ಮಾಡಿದರೆ ತನಗೆ ಅವ್ವ ಕೂಡ ಇಲ್ಲದಂತಾಗುತ್ತದೆ ಎಂದು ನಿವೇದಿತಾಳಿಗೆ ಭಯವಾಯಿತು. ಬಾಗಿಲು ನೂಕಿ ಒಳಗೆ ಹೋದಳು.

"ಅವ್ವಾ, ಮೇಘಾ ನನ್ನ ಗೆಳತಿ ಅಲ್ಲ."

ಗಂಗಮ್ಮನ ಮುಷ್ಟಿಯಲ್ಲಿ ಅಕ್ಕಿಯಿತ್ತು. ತಲೆ ಎತ್ತಲಿಲ್ಲ. "ಗೊತ್ತೈತಿ," ಎಂದಳು. "ಕೊಬ್ಬರಿ ಕೊಡು."

ನಿವೇದಿತಾ ಕೊಟ್ಟಳು. ಗಂಗಮ್ಮ ಅದನ್ನು ದುಪಟ್ಟಾದ ಮಡಿಲಲ್ಲಿಟ್ಟು, ಹಿಡಿ ಹಿಡಿಯಾಗಿ ಅಕ್ಕಿ ಸುರಿದಳು. ಮೇಘಾಳಿಗೆ ಎದ್ದು ಹೋಗುವ ಹಾಗಿರಲಿಲ್ಲ, ಎದ್ದರೆ ಅಕ್ಕಿಯೆಲ್ಲ ಚೆಲ್ಲುತ್ತದೆ. ದುಪಟ್ಟಾದ ಎರಡು ತುದಿಗಳನ್ನು ಬಿಗಿಯಾಗಿ ಹಿಡಿದು ತಲೆ ತಗ್ಗಿಸಿ ಕೂತಿದ್ದಳು. ಯಾರ ಮಾತನ್ನೂ ತಿರುಗಿಸಿ ಹೇಳಲಿಲ್ಲ. "ಮುಗೀತೇನು? ಒಂದ್ ಫೋಟೋ ತೆಗಿಯೂಣು," ಎಂದು ಹಾಲ್‌ನಿಂದ ಇರಣ್ಣನ ದನಿ ಬಂತು. "ತಡೀರಿ," ಎಂದಳು ಗಂಗಮ್ಮ. ಆ ದನಿ ಕೇಳಿ ಅವನು ಮತ್ತೆ ಕೂಗಲಿಲ್ಲ.

ಕೊನೆಯ ಹಿಡಿ ಅಕ್ಕಿ ಗಂಗಮ್ಮನ ಕೈಯಲ್ಲೇ ಉಳಿಯಿತು. ಅವಳು ಮಗಳ ಮುಖ ನೋಡಿದಳು. "ಮತ್ತ ಮಧ್ಯಾಹ್ನ ಯಾರ ಕೂಡ ಉಣ್ತಿ?"

"ಯಾರ ಕೂಡಾನೂ ಇಲ್ಲವ್ವಾ. ಒಬ್ಬಾಕಿನ."

"ಎಂದಿನಿಂದ?"

"ಮೊದಲನೇ ತಿಂಗಳಿಂದಾನೂ."

ಗಂಗಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ಎರಡ ವರ್ಷ. ನನಗ ಒಂದ ಮಾತ ಹೇಳಬಾರದಿತ್ತೇನ?" ಎಂದಳು.

ನಿವೇದಿತಾ ಅವ್ವನ ಎದುರು ಕೂತಳು. ಹೇಳಲು ಕಷ್ಟವಾಗಬಹುದು ಎಂದುಕೊಂಡಿದ್ದಳು, ಆಗಲಿಲ್ಲ.

"ಎರಡನೇ ಡಬ್ಬಿ ಕಟ್ಟುವಾಗ ನೀ ಹಾಡ್ತಿದ್ದಿ ಅವ್ವಾ," ಎಂದಳು.